ಮಾರ್ತಾಗೆ ಕೇಳಿಸಿದ ಕೂಗು

ದೆವ್ವ, ಪೀಡೆ, ಗಾಳಿ ಸೋಕು ಎಂದು ಯಾರಾದರೂ ಮಾತೆತ್ತಿದರೆ ನನಗೆ ಮೊದಲಿನಿಂದಲೂ ಮೈಯೆಲ್ಲ ಉರಿಯುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಪರೀಕ್ಷೆಯ ದಿನ ಮಂತ್ರಿಸಿದ ನಿಂಬೆಹಣ್ಣು ಜೇಬಿನಲ್ಲಿಟ್ಟುಕೊಂಡು ಬರುವ ಹುಡುಗರಿಂದ ಅದನ್ನು ಕಿತ್ತುಕೊಂಡು ಸ್ಟಾಫ್ ರೂಮಿನಲ್ಲಿ ಪಾನಕ ಮಾಡಿಸಿದ್ದೇನೆ. ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆಂದರೆ ನನಗೇ ನನ್ನ ಮೇಲೆ ಸಿಟ್ಟು ಬರುತ್ತಿದೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಾನೇ ಇನ್ನೂ ಪೂರ್ತಿ ನಂಬಿಲ್ಲ.

ನಮ್ಮದು ಸಿರಾ ತಾಲ್ಲೂಕು. ಕಳ್ಳಂಬೆಳ್ಳದಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಮನೆಯಲ್ಲಿ ನಾನು, ನನ್ನ ಗಂಡ, ನನ್ನ ಅತ್ತೆ. ಮನೆಯ ಪಕ್ಕದಲ್ಲೇ ಮುಳ್ಳುಬೇಲಿಯ ರೊಪ್ಪದಲ್ಲಿ ಕುರಿಗಳು, ಎದುರಿಗೆ ಕೆರೆಯ ಏರಿ. ಕೆಲವು ವರ್ಷಗಳ ಹಿಂದೆ ತುಮಕೂರಿನ ಒಂದು ಸಂಸ್ಥೆಯವರು ಬಂದು, ಪೋಲೆಂಡ್ ದೇಶದ ಒಬ್ಬಳು ಹುಡುಗಿ ಕುರಿ ಕಾಯುವವರ ಬದುಕಿನ ಬಗ್ಗೆ ಓದಲು ಬರುತ್ತಾಳೆ, ಆರು ತಿಂಗಳು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಕೇಳಿದರು. ನನ್ನ ಗಂಡ ನನ್ನನ್ನು ಒಂದು ಮಾತೂ ಕೇಳದೆ ತಲೆಯಾಡಿಸಿಬಿಟ್ಟರು. ಮನೆಯಲ್ಲಿ ಇಂಗ್ಲಿಷ್ ಬರುವವಳು ನಾನೊಬ್ಬಳೇ ಆದ್ದರಿಂದ ಪಾಡೆಲ್ಲ ನನ್ನದಾಯಿತು.

ಹುಡುಗಿಯ ಹೆಸರು ಮಾರ್ತಾ. ಒಳ್ಳೆಯವಳೇ. ಆದರೆ ಒಳ್ಳೆಯವರ ಜೊತೆ ಬಾಳುವುದು ಎಷ್ಟು ಸುಸ್ತಿನ ಕೆಲಸ ಎಂದು ನನಗೆ ಆಗ ಗೊತ್ತಾಯಿತು. ಒಂದು ಚೊಂಬು ನೀರು ಕೊಟ್ಟರೂ ಥ್ಯಾಂಕ್ಸ್, ಖಾಲಿ ಚೊಂಬು ಈಸಿಕೊಂಡರೂ ಥ್ಯಾಂಕ್ಸ್. ನಾನು ಪಾತ್ರೆ ತೊಳೆಯುತ್ತಿದ್ದರೆ ಬಂದು ಕೈಯಿಂದ ಕಿತ್ತುಕೊಂಡು, ಒಂದು ತಟ್ಟೆಗೆ ಒಂದು ಬಕೆಟ್ ನೀರು ಸುರಿಯುತ್ತಿದ್ದಳು. ನಾವೆಲ್ಲ ನೆರಳು ಹುಡುಕುವ ಹೊತ್ತಿನಲ್ಲಿ ಅವಳು ಅಂಗಳಕ್ಕೆ ಹೋಗಿ ಬಿಸಿಲಿಗೆ ಮುಖ ಒಡ್ಡಿ ಕೂರುತ್ತಿದ್ದಳು. ಎಳೆಯ ಮರಿಗಳಿಗೆ ಚಳಿಯಾಗುತ್ತದೆಂದು ಎರಡನ್ನು ತನ್ನ ರೂಮಿಗೆ ತಂದು ಮಲಗಿಸಿಕೊಂಡಳು, ಬೆಳಗ್ಗೆ ಆ ರೂಮು ಸಾರಿಸಿದವಳು ನಾನು. ಇದರ ಮೇಲೆ ಪ್ರಶ್ನೆಗಳು. ಕುರಿಯ ಕಿವಿ ಯಾಕೆ ಕತ್ತರಿಸುತ್ತೀರಿ, ಕಂಬಳಿ ಯಾಕೆ ತುಳಿಯಬಾರದು, ಮುದ್ದೆ ಯಾಕೆ ಅಗಿಯಬಾರದು. ದಿನವಿಡೀ ಮಕ್ಕಳ ಪ್ರಶ್ನೆಗೆ ಉತ್ತರ ಹೇಳಿ ಮನೆಗೆ ಬಂದರೆ ಇಲ್ಲೊಂದು ಕ್ಲಾಸು ಕಾದಿರುತ್ತಿತ್ತು.

ಅವಳಿಗೂ ನಮ್ಮ ಅತ್ತೆಗೂ ಮಾತ್ರ ಚೆನ್ನಾಗಿ ಹೊಂದಿಕೆಯಾಯಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಇಡೀ ದಿನ ಮಾತು. ಅತ್ತೆ ಅವಳನ್ನು ಮಾರಕ್ಕ ಎಂದು ಕರೆಯತೊಡಗಿದರು. ಮೂರು ತಿಂಗಳಾಗುವಷ್ಟರಲ್ಲಿ ಅವಳು ಅತ್ತೆಯ ಥರವೇ ಕನ್ನಡ ಮಾತಾಡುತ್ತಿದ್ದಳು. ನಮ್ಮ ಹೆಡ್ಮಾಷ್ಟರು ಒಮ್ಮೆ ಮನೆಗೆ ಬಂದಾಗ, "ಕುಂತ್ಕಳಿ ಸಾ, ಏನ್ ಬಂದ್ಬುಟ್ರಿ" ಎಂದು ಕೇಳಿ ಅವರನ್ನು ಗಾಬರಿಗೊಳಿಸಿದ್ದಳು.

ಈಗ ನನ್ನ ಮಾವನ ವಿಷಯ ಹೇಳಬೇಕು. ಮಾರ್ತಾ ಬರುವ ಮೂರು ವರ್ಷ ಮುಂಚೆಯೇ ಅವರು ತೀರಿಕೊಂಡಿದ್ದರು. ನಮ್ಮಲ್ಲಿ ಕುರಿ ಕಾಯುವ ಒಬ್ಬೊಬ್ಬರದೂ ಒಂದೊಂದು ಕೂಗು. ಹತ್ತು ಹಿಂಡು ಕೆರೆಯಲ್ಲಿ ಬೆರೆತಿದ್ದರೂ ತನ್ನವನ ಕೂಗಿಗೆ ಕುರಿ ಹೊರಳುತ್ತದೆ. ಮಾವನದು ಗಂಟಲಿನಿಂದ ಎಳೆದು ಬಿಡುವ ಒಂದು ಉದ್ದನೆಯ "ಹುರ್ರ್ರೋ", ಆಮೇಲೆ ನಾಲಿಗೆಯಲ್ಲಿ ಎರಡು ಲೊಟಕು, ಕೊನೆಗೆ ಒಂದು ಕೆಮ್ಮು. ಆ ಕೆಮ್ಮು ಕೂಗಿಗೆ ಸೇರಿದ್ದಲ್ಲ, ಬೀಡಿಯದು. ಆದರೆ ಅದಿಲ್ಲದೆ ಅವರು ಕೂಗಿದ್ದನ್ನು ನಾನು ಕೇಳಿಲ್ಲ. ಕೂಗಿದವನು ಸತ್ತರೆ ಆ ಕೂಗೂ ಮುಗಿದ ಹಾಗೆ, ಮಗ ಕೂಡ ಅದನ್ನು ಕೂಗುವುದಿಲ್ಲ. ಹೆಂಡತಿಯಂತೂ ಗಂಡನ ಹೆಸರು ಹೇಗೋ ಹಾಗೆ ಅವನ ಕೂಗನ್ನೂ ಬಾಯಿಗೆ ತರುವುದಿಲ್ಲ. ನನ್ನ ಗಂಡನದು ಬರೀ ಶಿಳ್ಳೆ, ಅದಕ್ಕೆ ಅರ್ಧ ಕುರಿಗಳು ಹೊರಳುವುದೇ ಇಲ್ಲ.

ಮಾವ ದಿನಾ ಬೆಳಗ್ಗೆ ಕುರಿಗಳಿಗೆ ನೀರು ಕುಡಿಸಿ ಏರಿಯ ಮೇಲೆ ನಿಂತು ಕೂಗುತ್ತಿದ್ದರು. ಅದು ಕುರಿಗಳಿಗೂ ಸೂಚನೆ, ಅತ್ತೆಗೂ ಸೂಚನೆ. ಅತ್ತೆ ಮುದ್ದೆ, ಚಟ್ನಿ ಕಟ್ಟಿದ ಬುತ್ತಿ ಹಿಡಿದು ಏರಿ ಹತ್ತಿ ಕೊಟ್ಟು ಬರುತ್ತಿದ್ದರು. ಕೊನೆಯ ದಿನ ಮಾತ್ರ ಹಾಗಾಗಲಿಲ್ಲ. ಮಧುಗಿರಿಯಲ್ಲಿರುವ ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೋಗೋಣ ಎಂದು ಅತ್ತೆ, ಕುರಿ ಈಯುವ ಕಾಲದಲ್ಲಿ ಎಲ್ಲಿಗೂ ಬೇಡ ಎಂದು ಮಾವ. ಮಾತಿಗೆ ಮಾತು ಬೆಳೆದಿತ್ತು. ಅವರು ಏರಿಯಿಂದ ಕೂಗಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೂಗಿದರು. ಬುತ್ತಿ ಕಟ್ಟಿಯೇ ಇತ್ತು, ಅತ್ತೆ ಎದ್ದು ಹೋಗಲಿಲ್ಲ. ಮಧ್ಯಾಹ್ನ ಮಾವ ಹೊಂಗೆ ಮರದ ಕೆಳಗೆ ಬಿದ್ದಿದ್ದಾರೆಂದು ಸುದ್ದಿ ಬಂತು. ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆವತ್ತಿನಿಂದ ಅತ್ತೆಯದು ಒಂದೇ ಕೊರಗು. ಯಾರು ಏನೇ ಸಮಾಧಾನ ಹೇಳಿದರೂ, "ಕೂಗಿದ್ದು ಕೇಳುಸ್ತು ಕಣಮ್ಮ, ಎದ್ದೋಗ್ನಿಲ್ಲ. ಇನ್ನೊಂದ್ ಸಲ ಕೂಗಿದ್ರೆ ಓಡೋಗ್ತಿದ್ದೆ" ಎಂದುಬಿಡುತ್ತಿದ್ದರು. ಕೇಳಿ ಕೇಳಿ ನನಗೆ ಆ ಮಾತು ಬಾಯಿಪಾಠವಾಗಿತ್ತು.

ಒಂದು ಭಾನುವಾರ ಬೆಳಗ್ಗೆ ನಾನು ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ನಮ್ಮ ಹಿಂಡು ಪಕ್ಕದೂರಿನ ಹಿಂಡಿನ ಜೊತೆ ಬೆರೆತುಹೋಗಿತ್ತು. ನನ್ನ ಗಂಡ ಶಿಳ್ಳೆ ಹಾಕಿ ಹಾಕಿ ಬೇಸತ್ತು, ಬಾಯಿಗೆ ಬಂದಂತೆ ಬೈಯುತ್ತಿದ್ದರು. ಏರಿಯ ಮೇಲಿದ್ದ ಮಾರ್ತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಕೂಗಿದಳು. ಹುರ್ರ್ರೋ ಎಂಬ ಅದೇ ಎಳೆತ, ಎರಡು ಲೊಟಕು, ಕೊನೆಗೆ ಒಂದು ಕೆಮ್ಮು.

ನಮ್ಮ ಕುರಿಗಳೆಲ್ಲ ಹೊರಳಿ ಏರಿ ಹತ್ತತೊಡಗಿದವು. ಅವುಗಳಲ್ಲಿ ಅರ್ಧಕ್ಕರ್ಧ ಮಾವ ಸತ್ತ ಮೇಲೆ ಹುಟ್ಟಿದವು. ನನ್ನ ಕೈಯಲ್ಲಿದ್ದ ಬಟ್ಟೆ ನೀರಿಗೆ ಜಾರಿತು. ತಲೆಯೆತ್ತಿ ನೋಡಿದರೆ ಮನೆಯ ಕಡೆಯಿಂದ ಅತ್ತೆ ಓಡಿ ಬರುತ್ತಿದ್ದರು. ಮಂಡಿ ನೋವೆಂದು ಅಂಗಳ ದಾಟದವರು ಮುದ್ದೆ ತಿರುವುವ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದು, ಏರಿಯ ಮೇಲೆ ಮಾರ್ತಾ ಒಬ್ಬಳೇ ನಿಂತಿರುವುದನ್ನು ಕಂಡು ಅಲ್ಲೇ ಕುಸಿದು ಕೂತರು.

ನನಗೆ ಕೆಟ್ಟ ಕೋಪ ಬಂತು. ಯಾರು ಹೇಳಿಕೊಟ್ಟರು ಎಂದು ಮಾರ್ತಾಳನ್ನು ಗದರಿಸಿದೆ. ಅವಳಿಗೆ ತಾನು ಮಾಡಿದ ತಪ್ಪೇನೆಂದೇ ಗೊತ್ತಾಗಲಿಲ್ಲ.

"ಯಾರೂ ಕಲ್ಸಿಲ್ಲ ಅಕ್ಕ. ದಿನಾ ಬೆಳಗ್ಗೆ ನಾನ್ ಹಲ್ಲುಜ್ಜೋವಾಗ ಏರಿ ಮೇಲಿಂದ ಕೂಗ್ತಾರಲ್ಲ, ಅದನ್ನ ಕೇಳಿ ಕಲ್ತೆ."

ಆ ಕೆಮ್ಮು ಯಾಕೆ ಎಂದರೆ, ಅದೂ ಸೇರಿದರೇ ಕೂಗು ಎಂದುಕೊಂಡಿದ್ದಳಂತೆ.

ನಾನು ಬಿಡುವವಳಲ್ಲ. ಗಂಡ ಕದ್ದು ಅಭ್ಯಾಸ ಮಾಡುತ್ತಿದ್ದಾರೇನೋ ಎಂದು ಕೇಳಿದೆ. ಅವರು ಕಂಬಳಿ ಮುಟ್ಟಿ ಆಣೆ ಮಾಡಿದರು. ನೀವೇನಾದರೂ ಹೇಳಿಕೊಟ್ಟಿರಾ ಎಂದು ಅತ್ತೆಯನ್ನು ಕೇಳಿದ್ದಕ್ಕೆ ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಬೇರೆ ಯಾರೋ ಅಣಕಿಸುತ್ತಿರಬೇಕೆಂದು ಎರಡು ದಿನ ಬೆಳಗ್ಗೆ ಏರಿಯ ಮೇಲೆ ಹೋಗಿ ನಿಂತೆ, ಸೊಳ್ಳೆ ಕಚ್ಚಿಸಿಕೊಂಡು ಬಂದೆ. ಆ ಎರಡು ದಿನವೂ ಕೂಗು ಕೇಳಿಸಿತು ಎಂದು ಮಾರ್ತಾ ಹೇಳಿದಳು. ಫೋನಿನಲ್ಲಿ ಹಿಡಿ ಎಂದೆ. ಹಿಡಿದಳು. ಕೊಕ್ಕರೆಗಳ ಸದ್ದು, ಪಂಪ್‌ಸೆಟ್ ಸದ್ದು, ಹಿಂದೆ ನನ್ನದೇ ಗೊಣಗಾಟ, ಅಷ್ಟೇ. ಅದು ಸತ್ತುಹೋದ ಮಾವನ ಕೂಗು ಎಂದು ಹೇಳಿದರೂ ಮಾರ್ತಾ ಸ್ವಲ್ಪವೂ ತಲೆ ಕೆಡಿಸಿಕೊಳ್ಳಲಿಲ್ಲ. ನಿಮ್ಮ ದೇಶದಲ್ಲಿ ಇವೆಲ್ಲ ಇದ್ದದ್ದೇ ಅಲ್ಲವೇ ಎಂದು ನನ್ನನ್ನೇ ಕೇಳಿದಳು. ಅವಳು ಅತಿಥಿಯಾದ್ದರಿಂದ ನಾನು ಬಾಯಿ ಬಿಗಿಹಿಡಿದುಕೊಂಡೆ.

ಮಾತು ಬಿಟ್ಟಿದ್ದ ಅತ್ತೆ ಒಂದು ದಿನ ನಸುಕಿನಲ್ಲೇ ಮುದ್ದೆ ಮಾಡಿ, ಬುತ್ತಿ ಕಟ್ಟಿ, ಅದನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತರು. ಮಾರ್ತಾ ಬ್ರಷ್ ಬಾಯಲ್ಲಿಟ್ಟುಕೊಂಡು ಅಂಗಳದಲ್ಲಿ ನಿಂತಳು. ನಾನೂ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಕೈಯೆತ್ತಿ, ಈಗ ಎಂದಳು. ನನಗೆ ಏನೂ ಕೇಳಿಸಲಿಲ್ಲ. ಅತ್ತೆ ಕಿವಿಯ ಮೇಲಿನ ಸೆರಗು ಸರಿಸಿ, ಉಸಿರು ಬಿಗಿಹಿಡಿದು, ಒಮ್ಮೆ ಅವಳ ಮುಖ ಒಮ್ಮೆ ನನ್ನ ಮುಖ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ.

"ನಲವತ್ತು ವರ್ಸ ಹಿಟ್ಟು ಬೇಯ್ಸಾಕ್ದೋಳು ನಾನು" ಎಂದರು ಅತ್ತೆ. "ನೆನ್ನೆ ಮೊನ್ನೆ ಬಂದ್ ಮಗೀಗೆ ಕೇಳುಸ್ತದೆ, ನಂಗ್ಯಾಕ್ ಕೇಳುಸ್ದು?"

ಅವರು ಅಳಲಿಲ್ಲ, ಮುನಿಸಿಕೊಂಡರು. ನನಗೂ ಸತ್ತ ಮಾವನ ಮೇಲೆ ರೇಗಿತು. ಬದುಕಿದ್ದಾಗಲೂ ಹೀಗೆಯೇ, ಹೆಂಡತಿಗೆ ಹೇಳಬೇಕಾದ್ದನ್ನು ಊರಿಗೆಲ್ಲ ಹೇಳಿ ಅವರಿಗೆ ಮಾತ್ರ ಹೇಳುತ್ತಿರಲಿಲ್ಲ. ಹಾಗೆ ರೇಗಿದ ಮೇಲೆ, ನಾನು ಯಾರನ್ನು ಬೈಯುತ್ತಿದ್ದೇನೆ ಎಂದು ಹೊಳೆದು ಇನ್ನಷ್ಟು ಸಿಟ್ಟು ಬಂತು. ರೊಪ್ಪದ ಕಡೆ ತಿರುಗಿದೆ. ಕುರಿಗಳೆಲ್ಲ ಮೆಲುಕು ನಿಲ್ಲಿಸಿ, ತಲೆಯೆತ್ತಿ, ಏರಿಯ ಕಡೆ ಮುಖ ಮಾಡಿ ನಿಂತಿದ್ದವು. ಮರಿಗಳೂ ಹಾಗೇ ನಿಂತಿದ್ದವು. ಅದನ್ನು ಅತ್ತೆಯೂ ನೋಡಿದರು.

ಮಾರ್ತಾ ಇದ್ದಷ್ಟು ದಿನವೂ ಅತ್ತೆ ಹಾಗೆ ಕೂತರು. ಒಮ್ಮೆಯೂ ಅವರಿಗೆ ಕೇಳಿಸಲಿಲ್ಲ. ಆರು ತಿಂಗಳು ಮುಗಿಸಿ ಹೊರಡುವ ದಿನ ಅವಳು ಅತ್ತೆಯನ್ನು ತಬ್ಬಿಕೊಂಡು ತುಂಬ ಅತ್ತಳು, ತನ್ನ ಕಿವಿ ಕೊಟ್ಟು ಹೋಗುವ ಹಾಗಿದ್ದರೆ ಕೊಡುತ್ತಿದ್ದೆ ಎಂದಳು. ಇಷ್ಟು ದಿನ ಗೊಣಗಿದ್ದ ನನಗೂ ಅಳು ಬಂತು.

ಅವಳು ಹೋದ ಮಾರನೆಯ ಬೆಳಗ್ಗೆ ಅತ್ತೆ ಮತ್ತೆ ಬುತ್ತಿ ಹಿಡಿದು ಕೂತಿದ್ದರು. ಈಗ ಹೇಳುವವರು ಯಾರೂ ಇಲ್ಲವಲ್ಲ ಎಂದು ನನಗೆ ಸಂಕಟವಾಯಿತು. ಅವರು ನೋಡುತ್ತಿದ್ದುದು ರೊಪ್ಪದ ಕಡೆ. ಕುರಿಗಳು ತಲೆಯೆತ್ತಿದವು. ಅತ್ತೆ ಎದ್ದು ಹೊರಟರು. ಇಬ್ಬನಿಗೆ ಏರಿ ಜಾರುತ್ತದೆ, ಮಂಡಿ ಬೇರೆ ಸರಿಯಿಲ್ಲ, ನಾನು ಬೈದುಕೊಂಡು ಹಿಂದೆ ಓಡಿದೆ.

"ಕೇಳುಸ್ತಾ ಅತ್ತೆ?"

"ಇಲ್ಲ ಕಣಮ್ಮ."

"ಮತ್ಯಾಕೆ ಹೊಂಟ್ರಿ?"

"ಆವತ್ತು ಕೇಳುಸ್ತು, ಹೋಗ್ನಿಲ್ಲ. ಇವತ್ತು ಕೇಳುಸ್ದಿದ್ರೂ ಹೋಗ್ತೀನಿ ಬುಡು."

ಆಮೇಲೆ ಅದೇ ರೂಢಿಯಾಯಿತು. ಕುರಿಗಳು ತಲೆಯೆತ್ತಿದ ದಿನ ಅತ್ತೆ ಏರಿ ಹತ್ತಿ, ಬುತ್ತಿ ಹಿಡಿದು ನಿಂತಿದ್ದು ಬರುತ್ತಾರೆ. ಅದನ್ನು ನನ್ನ ಗಂಡ ಮಧ್ಯಾಹ್ನ ಹೊಲದಲ್ಲಿ ತಿನ್ನುತ್ತಾರೆ. ಕುರಿಗಳು ತಲೆಯೆತ್ತುವುದಕ್ಕೆ ಗಾಳಿ, ವಾಸನೆ, ದೂರದ ಕುರಿ ಹಿಂಡು ಎಂದು ಹತ್ತು ಕಾರಣ ನಾನೇ ಕೊಡಬಲ್ಲೆ. ಆ ಹುಡುಗಿಯ ಬಾಯಿಗೆ ಕೆಮ್ಮು ಎಲ್ಲಿಂದ ಬಂತು ಎಂಬುದಕ್ಕೆ ಒಂದೂ ಕೊಡಲಾರೆ. ಮಾರ್ತಾ ಫೋನ್ ಮಾಡಿ, ಅಜ್ಜ ಇನ್ನೂ ಕೂಗುತ್ತಾರಾ ಎಂದು ಕೇಳಿದರೆ ನಾನು ಮಾತು ಬದಲಿಸುತ್ತೇನೆ.

ಹೋದ ತಿಂಗಳು ಅತ್ತೆಗೆ ಜ್ವರ ಬಂದು ಏಳಲಾಗಲಿಲ್ಲ. ನಾನು ಸ್ಕೂಲಿಗೆ ಹೊರಟು ಬ್ಯಾಗ್ ಹೆಗಲಿಗೇರಿಸಿದ್ದೆ. ರೊಪ್ಪದಲ್ಲಿ ಕುರಿಗಳು ತಲೆಯೆತ್ತಿದವು. ಒಳಗಿನಿಂದ ಅತ್ತೆ ಏನೂ ಹೇಳಲಿಲ್ಲ, ಹೇಳಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಗಂಡನ ಮಧ್ಯಾಹ್ನದ ಊಟಕ್ಕೆಂದು ನಾನೇ ಕಟ್ಟಿಟ್ಟ ಬುತ್ತಿ ಹೊಸ್ತಿಲ ಮೇಲಿತ್ತು. ಮನಸ್ಸಿನಲ್ಲೇ ಮನೆಮಂದಿಯನ್ನೆಲ್ಲ ಬೈದುಕೊಳ್ಳುತ್ತ ಅದನ್ನೆತ್ತಿಕೊಂಡು ಏರಿ ಹತ್ತಿದೆ. ಅಲ್ಲಿ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಇಳಿದು ಬಂದೆ. ತಡವಾದದ್ದು ಯಾಕೆಂದು ಹೆಡ್ಮಾಷ್ಟರು ಕೇಳಿದಾಗ ಬಸ್ ತಪ್ಪಿತು ಎಂದೆ.