ಅಕ್ಕಯ್ಯಮ್ಮ ಆರಿಸಿದ ಮೂರನೇ ಗಳ

ಸುಂಕದಕಟ್ಟೆಯ ಅಕ್ಕಯ್ಯಮ್ಮ ಪುಕ್ಕಲಿ ಅಂತ ಊರಿಗೆಲ್ಲ ಗೊತ್ತಿತ್ತು. ನಿಜ ಹೇಳಬೇಕೆಂದರೆ ಅವಳಿಗೆ ಕತ್ತಲೆಯ ಭಯವಿರಲಿಲ್ಲ, ದೆವ್ವದ ಭಯವೂ ಇರಲಿಲ್ಲ. ಅವಳ ಭಯವೆಲ್ಲ ಮೂರು ಮರದ ಗಳಗಳ ಮೇಲಿತ್ತು.

ಗಂಡ ಬೈರಯ್ಯ ಬಾವಿ ಕೆಲಸದವನು. ಆಗ ಮಾಗಡಿ ರಸ್ತೆಯ ಆಚೀಚೆ ಹಳ್ಳಿಗಳಿಗೆ ಕರೆಂಟು ಬರುತ್ತಿದ್ದ ಕಾಲ. ಕಪಿಲೆ ಎಳೆಯುತ್ತಿದ್ದ ಎತ್ತುಗಳಿಗೆ ಬಿಡುವಾಯಿತು, ಬಾವಿಗಳಿಗೆ ಮೋಟಾರು ಇಳಿಯತೊಡಗಿತು. ಇಳಿಸುವವನು ಬೈರಯ್ಯ. ಬಾವಿಯ ಅಂಚಿನಲ್ಲಿ ಮೂರು ಸರ್ವೆ ಗಳ ನಿಲ್ಲಿಸಿ, ಅವುಗಳ ತಲೆ ಸೇರಿಸಿ ಹಗ್ಗ ಬಿಗಿದು, ಆ ಮುಕ್ಕಾಲಿಗೆ ಸರಪಳಿ ರಾಟೆ ತೂಗುಹಾಕಿ ಮೋಟಾರನ್ನು ಅಂಗುಲ ಅಂಗುಲವಾಗಿ ಬಿಡಬೇಕು. ಬೈರಯ್ಯ ಕೆಳಗೆ, ನೀರಿನ ಮೇಲಿನ ಕಲ್ಲುಚಪ್ಪಡಿಯ ಮೇಲೆ ನಿಂತು ಅದನ್ನು ಕೈಯಲ್ಲಿ ಹಿಡಿದು ಕೂರಿಸಬೇಕು. ಅಷ್ಟು ಹೊತ್ತೂ ಆ ಕಬ್ಬಿಣದ ಮುದ್ದೆ ಅವನ ನೆತ್ತಿಯ ಮೇಲೆ. ಗಳ ಮುರಿದರೆ ಓಡಿಹೋಗಲು ಬಾವಿಯೊಳಗೆ ಬೀದಿಯಿಲ್ಲ.

ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಬಾವಿಗೆ ಇಳಿಯುವವನು ಗಳ ಆರಿಸಬಾರದು. ಅವನಿಗೆ ಬೇಗ ಇಳಿದು ಬೇಗ ಹತ್ತುವ ಆತುರ, ಮರದ ಐಬು ಕಣ್ಣಿಗೆ ಬೀಳುವುದಿಲ್ಲ. ಮೇಲೆ ಉಳಿಯುವವರು, ಅವನು ಹೋದರೆ ಅಳಬೇಕಾದವರು, ಅವರೇ ಆರಿಸಬೇಕು. ಮಾವ ಇರುವ ತನಕ ಮಾವ ಆರಿಸಿದ. ಅವನು ತೀರಿಕೊಂಡ ಮೇಲೆ ಉಳಿದವಳು ಅಕ್ಕಯ್ಯಮ್ಮ ಒಬ್ಬಳೇ.

ಮಾವ ಕಲಿಸಿದಂತೆಯೇ ಅವಳು ಗಳದ ಒಂದು ತುದಿಗೆ ಕಿವಿಯಿಟ್ಟು, ಇನ್ನೊಂದು ತುದಿಯನ್ನು ಯಾರಿಂದಲಾದರೂ ಉಗುರಿನಲ್ಲಿ ಕೆರೆಸುತ್ತಿದ್ದಳು. ಗಟ್ಟಿ ಮರವಾದರೆ ಕಿವಿಯೊಳಗೇ ಕೆರೆದಂತೆ ಕೇಳಿಸುತ್ತದೆ. ಒಳಗೆ ಸೀಳಿದ್ದರೆ ಸದ್ದು ದಾರಿಯಲ್ಲೇ ಕುಗ್ಗುತ್ತದೆ. ಇಷ್ಟೆಲ್ಲ ನೋಡಿ ಆರಿಸಿದರೂ ಗಂಡ ಬಾವಿಗಿಳಿದ ಕೂಡಲೇ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹಿಂದಿನ ವರ್ಷ ಎರಡು ಸಲ ಗಳ ಮುರೀತಿದೆ ಅಂತ ಕೂಗಿ ಕೆಲಸ ನಿಲ್ಲಿಸಿದ್ದಳು. ಎರಡು ಸಲವೂ ಕಿರುಗುಟ್ಟಿದ್ದು ಬರೀ ಹಗ್ಗ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಬೈರಯ್ಯನ ಮುಖ ಕಪ್ಪಿಟ್ಟಿತು.

“ಇನ್ನೊಂದ್ಸಲ ಗಳ ಗಿಳ ಅಂತ ಕೂಗಿದ್ರೆ ನಾನು ಮೇಲಕ್ಕೇ ಬರಲ್ಲ ಕಣೇ. ಆಣೆಗೂ ಬರಲ್ಲ,” ಅಂದಿದ್ದ.

ಐವತ್ತೇಳರ ಬೇಸಿಗೆಯಲ್ಲಿ ಊರಿನ ದೊಡ್ಡ ಕುಳ ಮರಿಯಪ್ಪನವರು ಮೋಟಾರು ತರಿಸಿದರು. ಗಳ ಕೊಳ್ಳಲು ಸೌದೆ ಡಿಪೋಗೆ ತಾವೇ ಗಾಡಿ ಹೂಡಿಸಿಕೊಂಡು ಬಂದರು. ಅಕ್ಕಯ್ಯಮ್ಮ ಎರಡು ಗಳ ಆರಿಸಿದಳು. ಮೂರನೆಯದಕ್ಕೆ ಐದು ಗಳ ನೋಡಿ ಐದನ್ನೂ ಬೇಡ ಅಂದಳು.

“ಯಾಕವ್ವ, ಮರ ನೋಡ್ತಾ ಇದೀಯೋ, ಮಗಳಿಗೆ ಗಂಡು ನೋಡ್ತಾ ಇದೀಯೋ?” ಅಂದರು ಮರಿಯಪ್ಪ. ಡಿಪೋದಲ್ಲಿದ್ದವರೆಲ್ಲ ನಕ್ಕರು. ಬೈರಯ್ಯನೂ ನಕ್ಕ.

ಆರನೆಯದಕ್ಕೆ ಕಿವಿಯಿಟ್ಟಳು. ಸದ್ದು ಬಂತು, ಆದರೆ ನಡುವೆ ಎಲ್ಲೋ ಸ್ವಲ್ಪ ಸೋತು ಬಂದಂತಿತ್ತು. ಇನ್ನೊಂದು ಸಲ ಕೆರೆಯಿರಿ ಅನ್ನಬೇಕೆಂದು ತಲೆಯೆತ್ತಿದರೆ ಎಲ್ಲರ ಕಣ್ಣೂ ಅವಳ ಮೇಲೆಯೇ. ಹೆದರಿಕೆಗಿಂತ ನಾಚಿಕೆ ದೊಡ್ಡದಾಗಿಬಿಟ್ಟಿತು. ಹೂಂ ಅಂತ ಗೋಣು ಆಡಿಸಿದಳು.

ಮುಕ್ಕಾಲಿ ನಿಂತ ಮೇಲೆ ಗಳಗಳಿಗೆ ಅರಿಸಿನ ಬಳಿದು ಕುಂಕುಮವಿಟ್ಟು ಪೂಜೆ ಮಾಡುವುದು ಪದ್ಧತಿ. ಅದೂ ಅವಳದೇ ಕೆಲಸ. ಮೂರನೇ ಗಳಕ್ಕೆ ಅರಿಸಿನವನ್ನು ಮಿಕ್ಕೆರಡಕ್ಕಿಂತ ದಪ್ಪಗೆ ಬಳಿದಳು. ತಾನು ಹೊರಲಾರದ್ದನ್ನು ದೇವರ ಮೇಲೆ ಹಾಕುವುದೆಂದರೆ ಇದೇ ಇರಬೇಕು. ಬೈರಯ್ಯ ಕೈ ಮುಗಿದು ಕಲ್ಲುಮೆಟ್ಟಿಲು ಇಳಿದುಹೋದ. ಸರಪಳಿ ಹಿಡಿದವನು ಉಗ್ರಪ್ಪ, ಬೈರಯ್ಯನ ಹಳೆಯ ಜೊತೆಗಾರ. ಮೋಟಾರು ನೆಲ ಬಿಟ್ಟು ಬಾವಿಯ ಮೇಲೆ ತೂಗಿತು.

ಬಿಸಿಲಿಗೆ ಅರಿಸಿನ ಒಣಗಿತು. ಎರಡು ಗಳಗಳ ಮೇಲೆ ಅದು ಒಣಗಿದ ಕೆರೆಯಂಗಳದ ಹಾಗೆ ಸಣ್ಣಸಣ್ಣಗೆ ಬಿರಿದಿತ್ತು. ಮೂರನೆಯದರ ಮೇಲೆ ಒಂದೇ ಗೆರೆ, ನೆಟ್ಟಗೆ, ಬೆರಳುದ್ದ. ಅವಳು ನೋಡುತ್ತಿದ್ದಂತೆಯೇ ಅದು ಗೇಣುದ್ದವಾಯಿತು.

“ಉಗ್ರಣ್ಣ, ತಡಿ,” ಅಂದಳು ಮೆಲ್ಲಗೆ.

“ಅರಿಸಿನ ಒಣಗಿದ್ರೆ ಬಿರೀತದೆ, ಅಕ್ಕಯ್ಯಮ್ಮ. ಮತ್ತೆ ಶುರು ಮಾಡ್ಬೇಡ,” ಅಂದ ಅವನು, ಸರಪಳಿ ಬಿಡುತ್ತಲೇ.

ಗೆರೆ ಕುಂಕುಮದ ಬೊಟ್ಟನ್ನು ಸೀಳಿಕೊಂಡು ಮೇಲಕ್ಕೆ ಹತ್ತಿತು. ಗಳ ಅಂದರೆ ಅವನು ಬರುವುದಿಲ್ಲ, ಆಣೆಯಿಟ್ಟಿದ್ದಾನೆ. ಬಾವಿಗೆ ಬಗ್ಗಿ, ಯಾವ ತಾಯಿಯೂ ಆಡಬಾರದ ಮಾತನ್ನು ಕೂಗಿದಳು.

“ಶಿವಕ್ಕನಿಗೆ ಹಾವು ಮುಟ್ಟಿದೆ. ಬೇಗ ಬಾ.”

ಶಿವಕ್ಕ ಅವರ ಒಬ್ಬಳೇ ಮಗಳು, ಆರು ವರ್ಷದವಳು. ಬೈರಯ್ಯ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದ. ಏದುಸಿರು ಬಿಡುತ್ತಿದ್ದ.

“ಎಲ್ಲಿ? ಎಲ್ಲೇ ಮಗು?”

“ಮಗು ಅಜ್ಜಿ ಮನೇಲಿ ಆಡ್ತಾ ಇದೆ. ಗಳ ನೋಡು.”

ಅವನ ಕೈ ಮೇಲೆದ್ದಿತು. ಅಕ್ಕಯ್ಯಮ್ಮ ಕಣ್ಣು ಮುಚ್ಚಿಕೊಂಡಳು. ಮರಿಯಪ್ಪ ಸಿಟ್ಟಿನಿಂದ, “ಈ ಹೆಂಗಸಿನ ಆಟ ಮುಗಿಯೋದಲ್ಲ, ನೀನು ಬಿಡಯ್ಯ ಸರಪಳಿ,” ಅಂದರು. ಉಗ್ರಪ್ಪ ಇನ್ನೆರಡು ಮೊಳ ಸರಪಳಿ ಬಿಟ್ಟ. ಮೂರನೇ ಗಳ ಬುಡದಿಂದ ತುದಿಯವರೆಗೆ ಸೀಳಿ ಬಿದ್ದಿತು. ಮೋಟಾರು ಬೈರಯ್ಯ ನಿಂತಿದ್ದ ಚಪ್ಪಡಿಯನ್ನು ಎರಡು ಹೋಳು ಮಾಡಿಕೊಂಡು ನೀರಿಗೆ ಹೋಯಿತು. ಎತ್ತಿದ್ದ ಕೈಯನ್ನು ಬೈರಯ್ಯ ಬಹಳ ಹೊತ್ತು ಇಳಿಸಲಿಲ್ಲ.

ಅಂದಿನಿಂದ ಅವಳನ್ನು ಯಾರೂ ಪುಕ್ಕಲಿ ಅನ್ನಲಿಲ್ಲ. ಗಳ ಆರಿಸಲು ಕೆಂಗೇರಿ ಕಡೆಯಿಂದಲೂ ಗಾಡಿ ಕಳಿಸಿ ಕರೆಸಿಕೊಂಡರು. ಬೈರಯ್ಯನಿಗಂತೂ ಭಯವೆಂಬುದೇ ಹೋಯಿತು. ಮೊದಲು ಇಳಿಯುವಾಗ ಒಮ್ಮೆ ಗಳದ ಕಡೆ ಕಣ್ಣು ಹಾಯಿಸುತ್ತಿದ್ದವನು ಈಗ ಅದನ್ನೂ ಬಿಟ್ಟ. “ಅವಳು ಹೂಂ ಅಂದ್ಮೇಲೆ ಮುಗೀತು,” ಅನ್ನುತ್ತಿದ್ದ, ಹೆಮ್ಮೆಯಿಂದ.

ಮೊದಲೆಲ್ಲ ಎದೆ ಹೊಡೆದುಕೊಂಡಾಗ ಇದು ನನ್ನ ಹುಚ್ಚು ಅಂತ ತನಗೆ ತಾನೇ ಹೇಳಿಕೊಂಡು ಅವಳು ಉಸಿರಾಡುತ್ತಿದ್ದಳು. ಇನ್ನು ಹಾಗೆ ಹೇಳಿಕೊಳ್ಳುವ ಹಾಗಿರಲಿಲ್ಲ. ಡಿಪೋದಲ್ಲಿ ಕಿವಿ ಸುಳ್ಳು ಹೇಳಿರಲಿಲ್ಲ, ಕೇಳಿಸಿಯೂ ಗೋಣು ಆಡಿಸಿದವಳು ತಾನು. ಆ ಗಳವನ್ನು ಗಂಡನ ತಲೆಯ ಮೇಲೆ ನಿಲ್ಲಿಸಿದವಳೂ ತಾನೇ. ಇದನ್ನು ಅವಳು ಬೈರಯ್ಯನಿಗೂ ಹೇಳಲಿಲ್ಲ. ಹೇಳಿದರೆ ಅವನು ಹೆದರಿಕೊಂಡು ಇಳಿಯಬೇಕಾಗುತ್ತದೆ, ಹೆದರಿದ ಕಾಲು ಕಲ್ಲುಮೆಟ್ಟಿಲಲ್ಲಿ ಜಾರುತ್ತದೆ. ಅವನು ನಗುತ್ತಾ ಇಳಿದುಹೋಗುತ್ತಿದ್ದ, ಇವಳು ಮೇಲೆ ಗಳ ಹಿಡಿದು ನಿಂತಿರುತ್ತಿದ್ದಳು.