ನಾಲ್ಕಾಣೆಯಲ್ಲಿ ನಾಲ್ಕಾಣೆ ಕಳೆದರೆ

ಗೆಳೆಯರೇ, ಇವತ್ತು ನಮ್ಮ ಮುಧೋಳದ ಶಾಲೆಗೆ ಸಂಸ್ಥಾನದ ಇನ್ಸ್‌ಪೆಕ್ಟರ್ ಸಾಹೇಬರು ಬಂದಿದ್ದರು. ಮಕ್ಕಳಿಗೆ ಕಳೆಯುವ ಲೆಕ್ಕವೊಂದನ್ನು ಕೇಳಲು ಹೇಳಿದರು. ಎದುರಿಗೇ ಕೂತಿದ್ದ ಗಂಗವ್ವನನ್ನು ಎಬ್ಬಿಸಿದೆ.

"ನಿನ್ನ ಕಡೆ ನಾಕಾಣೆ ಅದಾವ. ನಾಕಾಣೆದು ಬೆಲ್ಲ ತಂದಿ. ಎಷ್ಟ ಉಳೀತು?"

"ತುಂಬೇತ್ರೀ ಮಾಸ್ತರ."

ಸಾಹೇಬರು ನನ್ನನ್ನೇ ದುರುಗುಟ್ಟಿ ನೋಡಿದರು. "ಏನೂ ಉಳೀಲಿಲ್ಲ ಅನ್ನಬೇ!" ಎಂದು ಗದರಿದೆ.

"ಹಂಗ ಅನಬಾರದ್ರೀ, ಮನಿಗಿ ಛಲೋ ಅಲ್ಲ. ತೀರಿದ್ದಕ್ಕ ತುಂಬೇತಿ ಅನಬೇಕಂತ ಅವ್ವ ಹೇಳ್ಯಾಳ್ರೀ."

ಸಾಹೇಬರು ಶೆರಾ ಬರೆದೇಬಿಟ್ಟರು: 'ಮಕ್ಕಳು ಕಳೆಯುವ ಲೆಕ್ಕದಲ್ಲಿ ಕಚ್ಚಾ.'

ಸಿಟ್ಟಿನಲ್ಲೇ ಸಂಜೆ ಮನೆಗೆ ಬಂದೆ. ಹೊಸ್ತಿಲಲ್ಲೇ ಹೆಂಡತಿ, "ಜ್ವಾಳದ ಗಡಗಿ ತುಂಬೇತ್ರೀ," ಎಂದಳು.

ಚೀಲ ಹಿಡಿದು ಪೇಟೆಗೆ ಹೊರಟೆ.