ಕಂಬದ ಬಳಿ ಸೊನ್ನೆ, ಜಗಲಿಯಲ್ಲಿ ಮೂವತ್ತೊಂದು

ಬೆಳಗಿನ ಜಾವ ಐದು ಗಂಟೆ. ಜಾರ್ಜಿಯಾದ ಬ್ರೈಯರ್‌ಟನ್ನಿನಲ್ಲಿ ಕೋಳಿಗಳು ಇನ್ನೂ ಮಗ್ಗುಲು ಬದಲಿಸುತ್ತಿವೆ. ಮೌಂಟ್ ನೀಬೋ ಚರ್ಚಿನ ಜಗಲಿಯಲ್ಲಿ ಮಾತ್ರ ಆಗಲೇ ಸಂತೆ ನೆರೆದಿದೆ. ಆಸ್ಪತ್ರೆಯ ನೆಲ ಒರೆಸುವವರು, ಶಾಲೆಯ ಅಡುಗೆಯವರು, ವೃದ್ಧಾಶ್ರಮದ ಆಯಾಗಳು. ಎಲ್ಲರ ಕೈಯಲ್ಲೂ ಒಲೆಯಿಂದ ಆಗಷ್ಟೇ ಇಳಿದ ಮೆತ್ತನೆಯ ಬಿಸ್ಕತ್ತು, ಬಾಯಲ್ಲಿ ಅದಕ್ಕಿಂತ ಬಿಸಿ ಸುದ್ದಿ. ನಡುವೆ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ತಲೆ ಎಣಿಸುತ್ತಿರುವವರು ಡಾ. ಲವೋನಿಯಾ ಪೆಟ್ಟವೇ.

"ಇಪ್ಪತ್ತೊಂಬತ್ತು, ಮೂವತ್ತು... ಏಯ್ ಡೆಲ್ಫೀನ್, ಅಲ್ಲಾಡ್ಬೇಡ ಕಣೇ, ನಿನ್ನ ಎರಡು ಸಲ ಎಣಿಸ್ಬಿಟ್ಟೆ!"

"ಎಣಿಸ್ಕೊಳ್ಳಿ ಮೇಡಂ, ನಾನಿರೋದೂ ಇಬ್ಬರಷ್ಟು," ಎನ್ನುತ್ತಾರೆ ಆಸ್ಪತ್ರೆಯ ಡೆಲ್ಫೀನ್, ಸೊಂಟದ ಮೇಲೆ ಕೈಯಿಟ್ಟು. ಜಗಲಿಗೆ ಜಗಲಿಯೇ ನಗುತ್ತದೆ.

ನಗುವಿನಡಿ ಚಿಂತೆಯೂ ಇದೆ. ಐದು ಹತ್ತರ ಬಸ್ಸನ್ನು ಮುಂದಿನ ತಿಂಗಳಿಂದ ನಿಲ್ಲಿಸುವುದಾಗಿ ಸಾರಿಗೆ ಮಂಡಳಿ ಹೇಳಿದೆ. ಕಾರಣ: ಯಾರೂ ಹತ್ತುವುದಿಲ್ಲ. ಅದರ ಮುಂದಿನ ಬಸ್ಸು ಆರು ನಲವತ್ತಕ್ಕೆ. ಇವರ ಕೆಲಸ ಶುರುವಾಗುವುದು ಆರಕ್ಕೆ. ಬಸ್ಸು ಹೋದರೆ ಕೆಲಸವೂ ಅದರ ಹಿಂದೆಯೇ ಹೋಗುತ್ತದೆ. ಇವತ್ತು ಕೊನೆಯ ಸಲ ಎಣಿಸಿ ನೋಡಲು ಮಂಡಳಿಯ ಸದಸ್ಯ ವಿಟ್‌ಲಾಕ್ ಬರುತ್ತಿದ್ದಾರೆ.

ಅರವತ್ತೊಂದರ ಲವೋನಿಯಾ ಸಂಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಾರೆ. ಮುಂಜಾನೆಯ ಪಾಠ ಈ ಬಸ್ಸಿನಲ್ಲಿ. "ನಮ್ಮಮ್ಮ ಆಸ್ಪತ್ರೇಲಿ ಅಡುಗೆಯವಳು. ನಾನು ಹತ್ತನೇ ಕ್ಲಾಸಲ್ಲಿದ್ದಾಗ ನಮ್ಮ ಬೀದಿ ಬಸ್ ನಿಲ್ಸಿದ್ರು. ಆರು ವರ್ಷ, ದಿನಾ ನಾಲ್ಕು ಮೈಲಿ ನಡೆದ್ಲು. ಬಸ್ ನಿಂತ್ರೆ ನಡೆಯೋರು ಯಾರು? ಅದೇ ನನ್ನ ಸಂಶೋಧನೆ. ಉತ್ತರ ಅಮ್ಮನ ಅಂಗಾಲಲ್ಲೇ ಇತ್ತು, ನಾನು ಸುಮ್ನೆ ಮುನ್ನೂರು ಪುಟ ಬರೆದೆ!"

ಹಗಲು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುತ್ತ, ಇಬ್ಬರು ಮಕ್ಕಳನ್ನು ಸಾಕುತ್ತ, ಆ ಮುನ್ನೂರು ಪುಟ ಮುಗಿಸಲು ಹಿಡಿದದ್ದು ಹದಿನಾಲ್ಕು ವರ್ಷ. ಅಂದಿನ ಮಾರ್ಗದರ್ಶಕರ ದನಿಯನ್ನು ಲವೋನಿಯಾ ಮೂಗಿನಲ್ಲೇ ತೆಗೆಯುತ್ತಾರೆ: "'ಇದು ಸಂಶೋಧನೆ ಅಲ್ಲಮ್ಮಾ, ಮನೆ ಮಾತು.' ನಾನಂದೆ, ನಮ್ಮಂಥ ಕಪ್ಪು ಹೆಂಗಸರ ಮನೆ ಮಾತು ನಿಮ್ಮ ಕಪಾಟಲ್ಲಿ ಎಲ್ಲೂ ಇಲ್ವಲ್ಲ ಸರ್, ಅದಕ್ಕೇ ತಂದೆ."

ಅನುಕರಣೆಯೇ ಅವರ ಪಠ್ಯಕ್ರಮ. ಬಸ್ಸು ಹೊರಟೊಡನೆ ಅವರು ಮಂಡಳಿಯ ಅಧ್ಯಕ್ಷರಾಗುತ್ತಾರೆ, ಬಾಡಿಗೆ ಮನೆಯ ಮಾಲೀಕರಾಗುತ್ತಾರೆ, ಕೆಮ್ಮುವ ವಕೀಲರಾಗುತ್ತಾರೆ. ಹೆಂಗಸರು ಎದ್ದು ನಿಂತು ವಾದಿಸಬೇಕು. ನಾಲ್ಕು ವರ್ಷ, ವಾರಕ್ಕೆ ಐದು ದಿನ, ದಿನಕ್ಕೆ ನಲವತ್ತು ನಿಮಿಷ. ಈ ಬಸ್ಸಿನಲ್ಲೇ ಓದಿ ಹನ್ನೊಂದು ಮಂದಿ ಪ್ರೌಢಶಾಲೆ ಪಾಸಾಗಿದ್ದಾರೆ.

ಆದರೆ ಇಂಥ ವಿದುಷಿಯೂ ನಾಲ್ಕು ವರ್ಷದ ಹಿಂದೆ, ಈ ಬಸ್ಸಿಗೆ ಬಂದ ಮೊದಲ ವಾರ, ಮುಗ್ಗರಿಸಿದ್ದರು. ಹತ್ತುವವರನ್ನು ಎಣಿಸಲೆಂದು ಮೂರು ದಿನ ಬಸ್‌ಸ್ಟಾಪಿನ ಕಂಬದ ಕೆಳಗೆ ನಿಂತರು. ಕತ್ತಲು, ಚರಂಡಿ, ಸೊಳ್ಳೆ. ಹತ್ತಿದವರು ಸೊನ್ನೆ, ಬಸ್ಸೂ ನಿಲ್ಲಲಿಲ್ಲ. ನಾಲ್ಕನೇ ದಿನ, ನೂರು ಹೆಜ್ಜೆ ಆಚೆಯ ಚರ್ಚಿನ ಜಗಲಿಯಿಂದ ಎಂಬತ್ತರ ಮಿಸ್ ಅರ್ಲೀನ್ ಕೂಗಿದರು: "ಡಾಕ್ಟರಮ್ಮಾ, ಆ ಕಂಬ ನಾಯಿಗಳಿಗೆ! ಮನುಷ್ಯರು ಹತ್ತೋದು ಇಲ್ಲಿ!"

ಜಗಲಿಯಲ್ಲಿ ದೀಪವಿದೆ, ಬೆಂಚಿದೆ, ಅರ್ಲೀನಜ್ಜಿಯ ಬಿಸ್ಕತ್ತಿದೆ. ಚಾಲಕ ರುಫಸ್ ಮೊದಲಿನಿಂದಲೂ ಬಸ್ಸು ನಿಲ್ಲಿಸುವುದು ಅಲ್ಲೇ. ಮಂಡಳಿಯ ಎಣಿಕೆಯವರು ಮಾತ್ರ ಇಂದಿಗೂ ಕಂಬವನ್ನೇ ನಂಬಿದ್ದಾರೆ. ಲವೋನಿಯಾ ಮೂರು ಸಲ ಪತ್ರ ಬರೆದರು. ನಿಲ್ದಾಣವಲ್ಲದ ಕಡೆ ಹತ್ತಿದವರು ಲೆಕ್ಕಕ್ಕಿಲ್ಲ ಎಂದು ಮೂರು ಸಲವೂ ಉತ್ತರ ಬಂತು.

ಐದು ಎಂಟು. ಅಗೋ, ವಿಟ್‌ಲಾಕ್ ಬಂದರು. ಟೈ ಕಟ್ಟಿ, ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಕಂಬದ ಕೆಳಗೇ ನಿಂತರು.

"ಕರೀಲಾ ಮೇಡಂ? ಪಾಪ, ಸೊಳ್ಳೆ," ಎನ್ನುತ್ತಾರೆ ಡೆಲ್ಫೀನ್.

"ಇರು ಸ್ವಲ್ಪ. ನಾನು ಮೂರು ದಿನ ನಿಂತಿದ್ದೆ, ಅವರು ಎರಡು ನಿಮಿಷ ನಿಲ್ಲಲಿ."

ಬಸ್ಸು ಬರುತ್ತದೆ; ಕಂಬವನ್ನು ದಾಟಿ ಮುಂದೆ ಸಾಗುತ್ತದೆ. ವಿಟ್‌ಲಾಕ್ ಕೈ ಬೀಸುತ್ತಾರೆ, ಕೂಗುತ್ತಾರೆ, ಕೊನೆಗೆ ಟೈ ಹೆಗಲ ಮೇಲೆ ಹಾರಿಸಿಕೊಂಡು ಓಡುತ್ತಾರೆ. ಜಗಲಿಯಲ್ಲಿ ಭಾನುವಾರದ ಪ್ರಾರ್ಥನೆಯೇ ಶುರು.

"ದೇವರೇ, ಅವನ ಕಾಲಿಗೆ ಬಲ ಕೊಡಪ್ಪಾ!"

"ಆಮೆನ್!"

"ಇನ್ನೊಂಚೂರು ಸರ್, ಸ್ವರ್ಗ ಹತ್ರ ಬಂತು!"

"ಆಮೆನ್!"

ರುಫಸ್ ಬಾಗಿಲು ತೆರೆದು ತಲೆ ಕೆರೆದುಕೊಳ್ಳುತ್ತಾನೆ. "ತಪ್ಪು ತಿಳೀಬೇಡಿ ಸರ್. ಆ ಕಂಬದ ಹತ್ರ ಮನುಷ್ಯರನ್ನ ನೋಡಿ ಅಭ್ಯಾಸ ಇಲ್ಲ."

ಅರ್ಲೀನಜ್ಜಿ ಏದುಸಿರು ಬಿಡುತ್ತಿರುವ ವಿಟ್‌ಲಾಕ್ ಕೈಗೆ ಬಿಸ್ಕತ್ತು ತುರುಕುತ್ತಾರೆ. "ಮೊದ್ಲು ತಿನ್ನಪ್ಪ, ಆಮೇಲೆ ಎಣಿಸುವಂತೆ." ಅವರು ತಿಂದು ಎಣಿಸುತ್ತಾರೆ. ಮೂವತ್ತೊಂದು. ಮತ್ತೆ ಎಣಿಸುತ್ತಾರೆ. ಮೂವತ್ತೊಂದೇ.

"ಒಂದು ತಲೆ ಬಿಟ್ರಿ ಸರ್," ಎನ್ನುತ್ತಾರೆ ಲವೋನಿಯಾ. "ನೀವೂ ಇಲ್ಲೇ ಹತ್ತಿದ್ರಲ್ಲ?"

ವಿಟ್‌ಲಾಕ್ ಮತ್ತೆ ಹಲಗೆ ಎತ್ತಿಕೊಳ್ಳುತ್ತಾರೆ. ನಗು ತಡೆಯಲಾರದೆ ಮೂವತ್ತೆರಡು ಎಂದು ಬರೆಯುತ್ತಾರೆ.

ಎರಡು ವಾರಕ್ಕೆ ಪತ್ರ ಬಂದಿದೆ. ಬಸ್ಸು ಉಳಿದಿದೆ, ಕಂಬವೇ ಜಗಲಿಯ ಮುಂದಕ್ಕೆ ಬಂದು ನಿಂತಿದೆ. ಸುದ್ದಿ ಕೇಳಿ ಇನ್ನೂ ಐವರು ಸೇರಿದ್ದರಿಂದ ಮೇಡಂಗೆ ಸೀಟಿಲ್ಲ. "ನನ್ನದು ಚಿಕ್ಕ ಆಸೆ," ಎನ್ನುತ್ತಾರೆ ಅವರು, ಮೇಲಿನ ಕಂಬಿ ಹಿಡಿದು ತೂಗುತ್ತ. "ಒಂದು ದಿನ ಕಿಟಕಿ ಪಕ್ಕ ಕೂತು, ಯಾರಿಗೂ ಏನೂ ಹೇಳ್ಕೊಡದೆ ಹೋಗ್ಬೇಕು."

ಬಸ್ಸು ಆಸ್ಪತ್ರೆಯ ರಸ್ತೆಗೆ ಹೊರಳುತ್ತದೆ. ಹಿಂದಿನ ಸೀಟಿನಲ್ಲಿ ಯಾರೋ ವಿಟ್‌ಲಾಕ್ ಓಡಿದ್ದನ್ನು ಅಭಿನಯಿಸುತ್ತಿದ್ದಾರೆ. ಲವೋನಿಯಾ ಬಗ್ಗಿ ಹೊರಗೆ ನೋಡುತ್ತಾರೆ.

"ಇಲ್ಲಿಂದ ಮುಂದಕ್ಕೆ ಅಮ್ಮ ನಡೆದ ದಾರಿ. ಅವಳಿಗೆ ಒಂದೂವರೆ ಗಂಟೆ ಬೇಕಿತ್ತು. ನನ್ನ ಹುಡುಗೀರು ನೋಡಿ, ಹನ್ನೆರಡು ನಿಮಿಷ. ಅದೂ ನಗ್ತಾ ನಗ್ತಾ."